ಜೀರಿಗೆ ಕಷಾಯದಲ್ಲಿ ಏನಿತ್ತು? ಸೀಲಿಯಾಕ್ ಇರುವ ಬಸುರಿಯೊಬ್ಬರ ಪ್ರಕರಣ

ಧಾರವಾಡ ಜಿಲ್ಲೆಯ ಒಂದು ಊರು. ಮೊದಲ ಹೆರಿಗೆಗೆ ಅಂತ ಮಗಳು ಗುರುಗ್ರಾಮದಿಂದ ತವರಿಗೆ ಬಂದು 2 ವಾರ ಆಗಿತ್ತು. ಗರ್ಭಕ್ಕೆ ಆಗ 31 ವಾರ. ಹೊಟ್ಟೆ ಉಬ್ಬರ, ಎದೆ ಉರಿ, ದಿನಕ್ಕೆ 4-5 ಸಲ ಭೇದಿ. ಮಧ್ಯೆ ಒಂದೆರಡು ದಿನ ಏನೂ ಹೋಗದೆ ಕಟ್ಟಿಕೊಂಡಂತೆ. ಮನೆಯವರು, ನೆರೆಯವರು ಎಲ್ಲರೂ ಹೇಳಿದ್ದು ಒಂದೇ ಮಾತು: "ಎಂಟನೇ ತಿಂಗಳ, ಹಿಂಗ ಆಗೂದ."

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಬಸುರಿಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಏರುತ್ತದೆ, ಕರುಳಿನ ಓಟ ನಿಧಾನ ಆಗುತ್ತದೆ. ಅನ್ನನಾಳದ ಕೆಳಗಿನ ಬಿಗಿ ಸಡಿಲ ಆಗುತ್ತದೆ. ಬೆಳೆದ ಗರ್ಭಕೋಶ ಹೊಟ್ಟೆಯನ್ನು ಮೇಲಕ್ಕೆ ಒತ್ತುತ್ತದೆ. ಉಬ್ಬರ, ಉರಿ, ಮಲಬದ್ಧತೆ ಬರದ ಬಸುರಿಯೇ ಅಪರೂಪ. ಆದರೆ ಇವರಿಗೆ ಸೀಲಿಯಾಕ್, ಅಂದರೆ ಗೋಧಿಯಂಥ ಧಾನ್ಯ ತಿಂದರೆ ಕರುಳಿಗೆ ಪೆಟ್ಟಾಗುವ ಕಾಯಿಲೆಯೂ ಇತ್ತು. ಅದೂ ಇದೇ ಲಕ್ಷಣಗಳನ್ನೇ ತೋರಿಸುತ್ತದೆ. ಎರಡರಲ್ಲಿ ಯಾವುದು ಅಂತ ಹೊಟ್ಟೆ ತಾನಾಗಿ ಹೇಳುವುದಿಲ್ಲ.

ನಾನು ಡಯಟಿಷಿಯನ್. ಹೆರಿಗೆ ಡಾಕ್ಟರು ಇವರನ್ನು ನನ್ನ ಹತ್ತಿರ ಕಳಿಸಿದರು. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. ನನ್ನ ಒಂದು ತಪ್ಪೂ ಇದರಲ್ಲಿದೆ, ಅದನ್ನು ಬದಲಿಸಿಲ್ಲ.

ಹಿಂದೆ ಏನಾಗಿತ್ತು

ಎರಡೂವರೆ ವರ್ಷದ ಹಿಂದೆ ಗುರುಗ್ರಾಮದಲ್ಲಿದ್ದಾಗ ಅವರಿಗೆ ವಿಪರೀತ ಸುಸ್ತು. ಹಿಮೋಗ್ಲೋಬಿನ್ 7.8. ನಾಲ್ಕು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ಏರಲಿಲ್ಲ. ಅದಕ್ಕೂ ಮುಂಚೆ ಒಂದು ಗರ್ಭ ನಿಂತಿರಲಿಲ್ಲ. ಭೇದಿ ಅಂತ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅಲ್ಲಿನ ಡಾಕ್ಟರು ಸೀಲಿಯಾಕ್ ಹುಡುಕುವ ಟಿಟಿಜಿ ಎಂಬ ರಕ್ತಪರೀಕ್ಷೆ ಬರೆದುಕೊಟ್ಟರು. ತುಂಬಾ ಜಾಸ್ತಿ ಬಂತು. ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡಿದಾಗ ಖಚಿತವಾಯಿತು.

ಸಣ್ಣ ಕರುಳಿನ ಒಳಗೆ ಟರ್ಕಿ ಟವೆಲಿನ ಎಳೆಗಳ ಹಾಗೆ ಪುಟ್ಟ ಪುಟ್ಟ ಎಳೆಗಳಿರುತ್ತವೆ. ಊಟದ ಸತ್ವ ಹೀರುವುದು ಅವೇ. ಸೀಲಿಯಾಕ್ ಇರುವವರು ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ತಿಂದರೆ ಅವರ ರೋಗನಿರೋಧಕ ಶಕ್ತಿಯೇ ಈ ಎಳೆಗಳ ಮೇಲೆ ತಿರುಗಿ ಬೀಳುತ್ತದೆ. ಟವೆಲು ಸವೆದು ಬರೀ ಬಟ್ಟೆ ಆಗುತ್ತದೆ. ಕಬ್ಬಿಣ ಹೀರುವ ಜಾಗ ಸಣ್ಣ ಕರುಳಿನ ಮೊದಲ ತುಂಡು, ಪೆಟ್ಟು ಜಾಸ್ತಿ ಬೀಳುವುದೂ ಅಲ್ಲೇ. ಮಾತ್ರೆ ನುಂಗಿದರೂ ರಕ್ತ ಏರದಿದ್ದುದು ಇದಕ್ಕೇ. ಗರ್ಭ ಹೋಗಿದ್ದು ಇದರಿಂದಲೇ ಅಂತ ಖಂಡಿತ ಹೇಳಲು ಆಗದು. ಆದರೆ ಪತ್ತೆಯಾಗದ ಸೀಲಿಯಾಕ್ ಇದ್ದರೆ ಗರ್ಭಪಾತ, ಅವಧಿಗೆ ಮುಂಚೆ ಹೆರಿಗೆ, ಕಡಿಮೆ ತೂಕದ ಮಗು ಇವೆಲ್ಲ ಜಾಸ್ತಿ ಅಂತ ಗೊತ್ತಿದೆ. ಪತ್ತೆಯಾಗಿ ಪಥ್ಯ ಸರಿಯಾಗಿ ಮಾಡಿದವರಲ್ಲಿ ಈ ಅಪಾಯ ಉಳಿದವರ ಮಟ್ಟಕ್ಕೆ ಹತ್ತಿರ ಬರುತ್ತದೆ.

ಇವರು ಪಥ್ಯ ಸರಿಯಾಗಿಯೇ ಮಾಡಿದ್ದರು. ಒಂದೂವರೆ ವರ್ಷ ಗೋಧಿ ಮುಟ್ಟಲಿಲ್ಲ. ಟಿಟಿಜಿ ನಾರ್ಮಲ್ ಆಗಿ, ಹಿಮೋಗ್ಲೋಬಿನ್ 12ಕ್ಕೆ ಬಂದ ಮೇಲೆ ಡಾಕ್ಟರನ್ನು ಕೇಳಿಯೇ ಗರ್ಭ ಧರಿಸಿದ್ದು. ಮೊದಲ 6 ತಿಂಗಳು ಹೊಟ್ಟೆ ಸದ್ದಿಲ್ಲದೆ ಇತ್ತು. ಅಂದರೆ ಕೆಟ್ಟಿದ್ದು ತವರಿಗೆ ಬಂದ ಮೇಲೆ.

ಇಲ್ಲೊಂದು ವಿಚಿತ್ರ ಇದೆ. ಗುರುಗ್ರಾಮದಲ್ಲಿ ಮೂರು ಹೊತ್ತೂ ಗೋಧಿ ತಿನ್ನುವ ಜನ. ಅಂಥಲ್ಲಿ ಇವರು ಸುಖವಾಗಿದ್ದರು. ಜೋಳದ ರೊಟ್ಟಿಯ ಸೀಮೆಗೆ ಬಂದು ಹೊಟ್ಟೆ ಕೆಡಿಸಿಕೊಂಡರು! ಕಾರಣ ಊಹಿಸುವುದು ಕಷ್ಟವಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ದೇಶದ ಮೂರು ಭಾಗಗಳ 23,000ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷಿಸಿತ್ತು. ಉತ್ತರದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಲ್ಲಿ ಸೀಲಿಯಾಕ್ ಕಂಡಿತು. ಅಲ್ಲಿ ಅಕ್ಕಪಕ್ಕದವರಿಗೂ ಹೆಸರು ಗೊತ್ತಿರುತ್ತದೆ. ನಮ್ಮ ಕಡೆ "ಗೋಧಿ ಆಗಲ್ಲ" ಅಂದರೆ ಮೊಂಡಾಟ ಅಂದುಕೊಳ್ಳುತ್ತಾರೆ.

ಮೊದಲ ಭೇಟಿ

ಎಲ್ಲವನ್ನೂ ಗ್ಲುಟೆನ್ ತಲೆಗೆ ಕಟ್ಟುವುದೂ ಅಪಾಯ. ಹಾಗಾಗಿ ಡಾಕ್ಟರು ಮೊದಲು ಉಳಿದ ಕಾರಣಗಳನ್ನು ನೋಡಿದರು. ಬಿಪಿ ಸರಿ ಇತ್ತು, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ, ಥೈರಾಯ್ಡ್ ಸರಿ, ಮಲಪರೀಕ್ಷೆಯಲ್ಲಿ ಸೋಂಕು ಇಲ್ಲ. ಸ್ಕ್ಯಾನಿನಲ್ಲಿ ಮಗು ಚೆನ್ನಾಗಿತ್ತು. ಆದರೆ ತಾಯಿಯ ತೂಕ 3 ವಾರದಿಂದ ಏರಿರಲಿಲ್ಲ. ಹಿಮೋಗ್ಲೋಬಿನ್ 10.8 ಇದ್ದದ್ದು 9.6ಕ್ಕೆ ಇಳಿದಿತ್ತು. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತಲೇ ಲೆಕ್ಕ.

ಟಿಟಿಜಿ ನಾರ್ಮಲ್ ಬಂತು. ಮನೆಯವರಿಗೆ ಸಮಾಧಾನ. "ನೋಡ್ರಿ, ಗೋದಿ ಏನೂ ಹೋಗಿಲ್ಲ." ಇದು ತುಂಬಾ ಜನ ಬೀಳುವ ಗುಂಡಿ. ಕಾಯಿಲೆ ಇದೆಯಾ ಅಂತ ಹುಡುಕುವಾಗ ಈ ಪರೀಕ್ಷೆ ಒಳ್ಳೆಯದು. ಎರಡು ವಾರದಿಂದ ಸ್ವಲ್ಪ ಸ್ವಲ್ಪ ಗ್ಲುಟೆನ್ ಹೋಗುತ್ತಿದ್ದರೆ ಅದನ್ನು ಇದು ಹಿಡಿಯದೇ ಇರಬಹುದು. ಬಸುರಿಯಲ್ಲಿ ಸುಮ್ನೆ ನೋಡೋಣ ಅಂತ ಎಂಡೋಸ್ಕೋಪಿ ಮಾಡುವುದೂ ಇಲ್ಲ. ಉಳಿದಿದ್ದು ಊಟದ ಡೈರಿ.

ಡೈರಿಯಲ್ಲಿ ಜೋಳದ ರೊಟ್ಟಿ, ಅನ್ನ, ಸಾರು, ಪಲ್ಯ, ಮೊಟ್ಟೆ, ಮಜ್ಜಿಗೆ. ಎಲ್ಲೂ ಗೋಧಿ ಇಲ್ಲ. ಹುಡುಗಿ ಲೇಬಲ್ ಓದುವುದರಲ್ಲಿ ಪಳಗಿದವರು. ಬಸುರಿಯರಿಗೆ ಅಂತ ಮಾರುವ ಮಾಲ್ಟ್ ಪುಡಿಯ ಡಬ್ಬಿಯನ್ನು ಚಿಕ್ಕಮ್ಮ ತಂದಿದ್ದರಂತೆ. ಅದರಲ್ಲಿ ಬಾರ್ಲಿ ಇದೆ ಅಂತ ಓದಿ ವಾಪಸ್ ಕೊಟ್ಟಿದ್ದರು. ಬೆಳಗಿನ ವಾಕರಿಕೆಗೆ ರಸ್ಕ್ ತಿನ್ನು ಅಂದಾಗಲೂ ಬೇಡ ಅಂದಿದ್ದರು.

ಆಗ ನಾನು ಕೇಳಿದ್ದು ಗಿರಣಿಯ ಬಗ್ಗೆ. ಜೋಳ ಎಲ್ಲಿ ಬೀಸಿಸುತ್ತೀರಿ? ಓಣಿಯ ಗಿರಣಿಯಲ್ಲಿ. ಅಲ್ಲಿ ಗೋಧಿ, ಜೋಳ, ಕಡಲೆಬೇಳೆ ಎಲ್ಲಕ್ಕೂ ಒಂದೇ ಕಲ್ಲು. ಸಾಲಿನಲ್ಲಿ ಮೊದಲಿದ್ದವರ ಗೋಧಿ ಬೀಸಿದ ಕೂಡಲೇ ಇವರ ಜೋಳ ಸುರಿದರೆ ಕಲ್ಲಿನ ಸಂದಿಯ ಹಿಟ್ಟೆಲ್ಲ ಇವರ ಡಬ್ಬಿಗೇ ಬರುತ್ತದೆ.

ಎಷ್ಟು ಬಂದರೆ ಎಷ್ಟು ಕೆಟ್ಟದ್ದು? ಸೀಲಿಯಾಕ್ ಇರುವವರ ಮೇಲೆ ಮಾಡಿದ ಒಂದು ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ 3 ತಿಂಗಳು ಹೋದಾಗ ಕರುಳಿನ ಎಳೆಗಳಿಗೆ ಪೆಟ್ಟಾಗಿತ್ತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆ ಇಲ್ಲ ಅಂತ ಲೆಕ್ಕ. ಗೋಧಿ ಹಿಟ್ಟಿನಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಗ್ಲುಟೆನ್. ಅಂದರೆ 50 ಮಿಲಿಗ್ರಾಮಿಗೆ ಅರ್ಧ ಗ್ರಾಂ ಹಿಟ್ಟು ಸಾಕು. ಒಂದು ಚಿಟಿಕೆಯಷ್ಟು.

ಗಿರಣಿ ಬಿಟ್ಟರು. ಮಿಕ್ಸಿಯಲ್ಲಿ ಬೀಸಿದ ಹಿಟ್ಟು ತರಿತರಿಯಾಗಿ ರೊಟ್ಟಿ ಹರಿಯುತ್ತಿತ್ತು. ಕೊನೆಗೆ ಅಳಿಯ ಒಂದು ಮನೆ ಗಿರಣಿ ತರಿಸಿಕೊಟ್ಟರು. ಮರದ ಪರಾತ, ಲಟ್ಟಣಿಗೆ ಬೇರೆ ಇಟ್ಟರು. ಚಪಾತಿ ಸುಡುವ ಹಂಚಿನ ಪಕ್ಕ ರೊಟ್ಟಿಗೊಂದು ಹಂಚು ಬಂತು. ಹತ್ತು ದಿನದಲ್ಲಿ ಭೇದಿ 5ರಿಂದ 2-3ಕ್ಕೆ ಇಳಿಯಿತು. ಉಬ್ಬರ ಮಾತ್ರ ಹಾಗೇ ಇತ್ತು.

ಇಲ್ಲಿ ನಾನು ತಪ್ಪಿದ್ದು. ಗಿರಣಿ ಸಿಕ್ಕ ಖುಷಿಯಲ್ಲಿ ಹುಡುಕುವುದನ್ನೇ ನಿಲ್ಲಿಸಿದೆ. ಉಳಿದದ್ದು ಬಸುರಿಯ ಉಬ್ಬರ, ಜೊತೆಗೆ ಹಾಲು ಜೀರ್ಣ ಆಗುತ್ತಿಲ್ಲ ಅಂತ ತೀರ್ಮಾನಿಸಿ ಕಳಿಸಿದೆ. ಹಾಲಿನ ಮಾತು ಪೂರ್ತಿ ತಪ್ಪೇನೂ ಅಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಇರುವುದು ಆ ಎಳೆಗಳ ತುದಿಯಲ್ಲಿ. ತುದಿ ಸವೆದರೆ ಹಾಲು ಕುಡಿದ ಅರ್ಧ ಗಂಟೆಗೆ ಗುಡುಗುಡು ಶುರು. ಹಾಲು ಬಿಟ್ಟು ಮೊಸರು, ಮಜ್ಜಿಗೆ ಇಟ್ಟುಕೊಳ್ಳಿ ಅಂದೆ. ಅವರು ಮಜ್ಜಿಗೆ ಜಾಸ್ತಿ ಮಾಡಿದರು. ಉಬ್ಬರವೂ ಜಾಸ್ತಿ ಆಯಿತು.

ಅಡುಗೆ ಮಾಡುವವರನ್ನು ಕೇಳಿದ ದಿನ

33ನೇ ವಾರ ತಾಯಿಯೂ ಜೊತೆಗೆ ಬಂದಿದ್ದರು. ಅಲ್ಲಿಯವರೆಗೆ ನಾನು ಕೇಳಿದ್ದೆಲ್ಲ ಮಗಳನ್ನು, ಅದೂ "ಏನು ತಿಂದಿರಿ" ಅಂತ. ಅವತ್ತು ಮಾತಿಗೆ ಮಾತು ಬಂದು ತಾಯಿಯನ್ನು ಕೇಳಿದೆ: "ಅಕ್ಕಾರ, ರಾತ್ರಿ ಮಲಗೂ ಮುಂದ ಕುಡಿಯಾಕ ಏನರ ಕೊಡ್ತೀರೇನು?"

"ಜೀರಿಗಿ ಕಷಾಯ ಕೊಡ್ತೀನ್ರಿ."

"ಅದರಾಗ ಏನೇನು ಹಾಕ್ತೀರಿ?"

"ಏನ್ ಇರ್ತೈತ್ರಿ, ಜೀರಿಗಿ, ಎರಡು ಚಮಚಾ ಬಾರ್ಲಿ. ಕಾಲು ಬಾತಿದ್ವಲ್ರಿ, ಅದಕ್ಕ. ಸೋಸಿ ಕೊಡ್ತೀನಿ, ಕಾಳು ಬಾಯಿಗೆ ಬರೂದಿಲ್ಲ."

ಮಗಳು ಅವರ ಮುಖ ನೋಡಿದರು. "ಅವ್ವಾ, ಬಾರ್ಲಿ ಹಾಕ್ತಿದ್ದಿ?"

"ಬಾರ್ಲಿ ಗೋದಿ ಅಲ್ಲಲ್ಲ!"

ಪಾಪ, ಅವರದೇನು ತಪ್ಪು? ಗೋಧಿ ಬೇಡ ಅಂದಿದ್ದರು, ಗೋಧಿ ಹಾಕಿರಲಿಲ್ಲ. ಕಾಲು ಬಾತರೆ ಬಾರ್ಲಿ ನೀರು ಕೊಡುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಬಾರ್ಲಿಗೆ ಕನ್ನಡದಲ್ಲಿ ಜವೆಗೋಧಿ ಅಂತ ಹೆಸರಿದೆ. ಹೆಸರಲ್ಲೇ ಗೋಧಿ ಕೂತಿದೆ. ಆದರೆ ಅಂಗಡಿಯಲ್ಲಿ ಆ ಹೆಸರು ಹೇಳಿ ಕೇಳುವವರು ಯಾರು? ಸೋಸಿದರೂ ಪ್ರಯೋಜನ ಇಲ್ಲ, ಕುದಿಸಿದ ನೀರಿನಲ್ಲೇ ಗ್ಲುಟೆನ್ ಬಿಟ್ಟಿರುತ್ತದೆ. ಮಗಳಿಗೆ ಲೇಬಲ್ ಓದಲು ಬರುತ್ತಿತ್ತು, ಅವ್ವನ ಕಷಾಯಕ್ಕೆ ಲೇಬಲ್ ಇರಲಿಲ್ಲ.

ಆಮೇಲೆ ಮಜ್ಜಿಗೆ. ಗ್ಯಾಸ್ ಅಂತ ದಿನಕ್ಕೆ 3 ಲೋಟ, ಪ್ರತಿ ಲೋಟಕ್ಕೂ ಧಾರಾಳವಾಗಿ ಇಂಗು. ಇಂಗಿನ ಡಬ್ಬಿಯ ಫೋಟೋ ಕಳಿಸಿ ಅಂದೆ. ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು, ಗೋಂದು, ಇಂಗು ಅಂತ ಇತ್ತು. ಶುದ್ಧ ಇಂಗು ವಿಪರೀತ ಖಾರ, ವಿಪರೀತ ವಾಸನೆ, ವಿಪರೀತ ಬೆಲೆ. ಹಾಗಾಗಿ ನಾವು ಕೊಳ್ಳುವುದು ಹಿಟ್ಟು ಬೆರೆಸಿದ ಕೂಟು ಇಂಗು. ಅದರಲ್ಲಿ ಅರ್ಧದಷ್ಟು ಗೋಧಿ ಹಿಟ್ಟು ಇದ್ದರೆ, ಮೂರು ಲೋಟ ಮಜ್ಜಿಗೆ, ಎರಡು ಹೊತ್ತಿನ ಸಾರು ಸೇರಿ ದಿನದ ಲೆಕ್ಕ ಆ 50 ಮಿಲಿಗ್ರಾಮಿನ ಹತ್ತಿರ ಹೋಗುತ್ತದೆ. ಹೊಟ್ಟೆ ಉಬ್ಬಿತು ಅಂತ ಇಂಗಿನ ಮಜ್ಜಿಗೆ, ಮಜ್ಜಿಗೆ ಕುಡಿದು ಇನ್ನಷ್ಟು ಉಬ್ಬರ. ನಾನೂ ಮಜ್ಜಿಗೆ ಕುಡಿಯಿರಿ ಅಂದವಳೇ!

ತಾಯಿಯ ಜೊತೆ ಕೂತು ಇನ್ನೊಂದು ಗಂಟೆ ಮಾತಾಡಿದೆ. ಆಗ ಅರ್ಥ ಆಗಿದ್ದು, ಅವರಿಗೆ "ಗೋಧಿ" ಅಂದರೆ ಚಪಾತಿ, ಹುಗ್ಗಿ ಅಷ್ಟೇ. ರವೆ ಬೇರೆ, ಮೈದಾ ಬೇರೆ, ಶಾವಿಗೆ ಬೇರೆ. ಸತ್ಯನಾರಾಯಣ ಪೂಜೆಯ ರವೆ ಸಜ್ಜಿಗೆಯಂತೂ ಪ್ರಸಾದ, ಅದಕ್ಕೆ ಧಾನ್ಯದ ಲೆಕ್ಕವೇ ಇಲ್ಲ. ಒಂದು ಚಿಟಿಕೆ ಕೊಟ್ಟಿದ್ದರು ಕೂಡ. ಅವತ್ತಿನಿಂದ ನಾನು ಯಾರಿಗೂ "ಗೋಧಿ ಬಿಡಿ" ಅಂತ ಹೇಳಿ ಸುಮ್ಮನಾಗುವುದಿಲ್ಲ. ರವೆ, ಮೈದಾ, ಶಾವಿಗೆ, ಬ್ರೆಡ್, ರಸ್ಕ್, ಬಾರ್ಲಿ, ಮಾಲ್ಟ್, ಕೂಟು ಇಂಗು ಅಂತ ಒಂದೊಂದೇ ಹೆಸರು ಹೇಳುತ್ತೇನೆ. ಕೇಳುವುದೂ ಅಡುಗೆ ಮಾಡುವವರನ್ನು.

ಕಷಾಯಕ್ಕೆ ಬರೀ ಜೀರಿಗೆ ಉಳಿಯಿತು. ಇಂಗಿನ ಬದಲು ಮಜ್ಜಿಗೆಗೆ ಶುಂಠಿ, ಕರಿಬೇವು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಗ್ಲುಟೆನ್ ಇಲ್ಲ ಅಂತ ಬರೆದದ್ದನ್ನೇ ನೋಡಿ ತರಬೇಕು. ಕೆ.ಜಿ.ಗೆ 20 ಮಿಲಿಗ್ರಾಂ ಒಳಗಿದ್ದರೆ ಮಾತ್ರ ಹಾಗೆ ಬರೆಯಬಹುದು ಅಂತ ನಮ್ಮ ದೇಶದ ನಿಯಮ. ಕಾಲು ಬಾತದ್ದಕ್ಕೆ ಬಿಪಿ ಮತ್ತೆ ನೋಡಿದರು, ಸರಿ ಇತ್ತು. ಎಡ ಮಗ್ಗುಲಲ್ಲಿ ಮಲಗಿ, ಕಾಲು ಎತ್ತರಕ್ಕಿಡಿ ಅಂದರು. ಎರಡು ವಾರದಲ್ಲಿ ಭೇದಿ ನಿಂತಿತು.

ಔಷಧಿ ಡಬ್ಬಿಯ ಕಡೆ

ಭೇದಿ ಇಳಿಯತೊಡಗಿದ ಮೇಲೆ ಉಳಿದದ್ದು ಎಲ್ಲ ಬಸುರಿಯರ ತೊಂದರೆ. ಎದೆ ಉರಿ, ಮಲಬದ್ಧತೆ. ಇಲ್ಲಿ ಗ್ಲುಟೆನ್‌ಗಿಂತ ಮನೆಮದ್ದಿನ ಭಯ ಜಾಸ್ತಿ. ಅಜ್ಜಿ ಹೊಟ್ಟೆ ಸ್ವಚ್ಛ ಆಗಲಿ ಅಂತ ಹರಳೆಣ್ಣೆ ಕುಡಿಸಬೇಕು ಅಂತಿದ್ದರು. ಹರಳೆಣ್ಣೆ ಕರುಳನ್ನಷ್ಟೇ ಅಲ್ಲ, ಗರ್ಭಕೋಶವನ್ನೂ ಹಿಂಡಿಸಬಹುದು. 33 ವಾರದಲ್ಲಿ ಅದು ಬೇಡವೇ ಬೇಡ. ಸೋನಾಮುಖಿ ಹಾಕಿದ ಚೂರ್ಣವನ್ನೂ ಡಾಕ್ಟರನ್ನು ಕೇಳದೆ ಮುಟ್ಟಬಾರದು ಅಂದೆ. ಇಸಬ್‌ಗೋಲ್ ಆಗುತ್ತದಾ ಅಂತ ಮಗಳು ಕೇಳಿದರು. ಆಗುತ್ತದೆ, ಅದು ಗೋಧಿ ತೌಡಲ್ಲ, ಬೇರೆಯೇ ಗಿಡದ ಬೀಜದ ಹೊಟ್ಟು. ಸಾದಾ ಇಸಬ್‌ಗೋಲ್ ತಗೊಂಡು, ದೊಡ್ಡ ಲೋಟ ನೀರಿನ ಜೊತೆ. ನೀರು ಕಮ್ಮಿ ಆದರೆ ಅದೇ ಕಟ್ಟಿಕೊಳ್ಳುತ್ತದೆ. ಅದರ ಮೇಲೂ ಆಗದಿದ್ದರೆ ಲ್ಯಾಕ್ಟುಲೋಸ್ ಸಿರಪ್ ಅಂತ ಡಾಕ್ಟರು ಬರೆದಿಟ್ಟಿದ್ದರು, ಬೇಕಾಗಲಿಲ್ಲ. ಜೋಳ, ಸಜ್ಜೆ, ಮೆಂತ್ಯ ಸೊಪ್ಪು, ಮೊಳಕೆ ಕಾಳು ತಿನ್ನುವ ಮನೆ. ಗುರುಗ್ರಾಮದಲ್ಲಿ ಅನ್ನ, ಗ್ಲುಟೆನ್ ಇಲ್ಲದ ಬಿಳಿ ಬ್ರೆಡ್ ಅಂತ ನಾರೇ ಇಲ್ಲದ ಊಟ ಮಾಡುತ್ತಿದ್ದರು. ಈ ವಿಷಯದಲ್ಲಿ ತವರೇ ಮೇಲು.

ಎದೆ ಉರಿಗೆ ಸಣ್ಣ ಸಣ್ಣ ಊಟ, ಉಂಡು ಎರಡು ಮೂರು ಗಂಟೆ ಬಿಟ್ಟು ಮಲಗುವುದು, ತಲೆ ಕಡೆ ಮಂಚ ಎತ್ತರ ಮಾಡುವುದು. ಸಾಲದಿದ್ದಾಗ ಡಾಕ್ಟರು ಬರೆದ ಆಂಟಾಸಿಡ್. ನೀರಲ್ಲಿ ಬುಸ್ ಅನ್ನುವ ಸೋಡಾ ಪುಡಿ ಪದೇಪದೇ ಬೇಡ, ಸೋಡಿಯಂ ಜಾಸ್ತಿ. ಪಕ್ಕದ ಮನೆಯವರು ಹೊಟ್ಟೆನೋವಿನ ಒಂದು ಮಾತ್ರೆ ಕೊಟ್ಟಿದ್ದರು. ಪಟ್ಟಿಯ ಹಿಂದೆ ಮೆಫೆನಾಮಿಕ್ ಆಸಿಡ್ ಅಂತ ಇತ್ತು. ಈ ಜಾತಿಯ ನೋವಿನ ಮಾತ್ರೆಗಳನ್ನು 20 ವಾರದ ಮೇಲೆ ತಗೊಂಡರೆ ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರು ಕಮ್ಮಿ ಆಗಬಹುದು. ಅದೃಷ್ಟಕ್ಕೆ ನುಂಗಿರಲಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯೂ ಹಾಗೇ, ಡಾಕ್ಟರು ಹೇಳದೆ ಬೇಡ. ಭೇದಿ ಇದ್ದ ದಿನಗಳಲ್ಲಿ ಓಆರ್‌ಎಸ್ ಕುಡಿದಿದ್ದರು, ಅದೇ ಸರಿ.

ಕಬ್ಬಿಣದ ಕಥೆ ಸ್ವಲ್ಪ ಉದ್ದ. ಸರ್ಕಾರ ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ಇವರು ಅದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಮರೆತು ಹೋಗಬಾರದು ಅಂತ ರಾತ್ರಿ ಒಟ್ಟಿಗೆ ನುಂಗುತ್ತಿದ್ದರು. ಕ್ಯಾಲ್ಸಿಯಂ ಜೊತೆ ಹೋದರೆ ಕಬ್ಬಿಣ ಸರಿಯಾಗಿ ಹೀರುವುದಿಲ್ಲ. ಚಹಾ, ಆಂಟಾಸಿಡ್ ಜೊತೆಯೂ ಅಷ್ಟೇ. ಹೀರದೆ ಉಳಿದ ಕಬ್ಬಿಣ ಹೊಟ್ಟೆ ಕೆಡಿಸುತ್ತದೆ, ಮಲ ಗಟ್ಟಿ ಮಾಡುತ್ತದೆ. ಬೆಳಗ್ಗೆ ನಿಂಬೆ ನೀರಿನ ಜೊತೆ ಕಬ್ಬಿಣ, ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ ಅಂತ ಬೇರೆ ಮಾಡಿದೆವು. ಆದರೂ ಕರುಳು ಪೆಟ್ಟು ತಿಂದಿದೆ, ಹೆರಿಗೆಗೆ 6-7 ವಾರ ಇದೆ. ಮಾತ್ರೆಯನ್ನೇ ನಂಬಿ ಕೂರಲು ಸಮಯ ಇರಲಿಲ್ಲ. ಡಾಕ್ಟರು ರಕ್ತನಾಳದ ಮೂಲಕ ಕಬ್ಬಿಣ ಕೊಟ್ಟರು. 36ನೇ ವಾರಕ್ಕೆ ಹಿಮೋಗ್ಲೋಬಿನ್ 10.9.

ಒಂದು ರಾತ್ರಿ

36ನೇ ವಾರ ಒಂದು ರಾತ್ರಿ 11 ಗಂಟೆಗೆ ಎದೆಗೂಡಿನ ಕೆಳಗೆ, ಬಲಗಡೆ ನೋವು. ಮನೆಯಲ್ಲಿ ಮತ್ತೆ "ಗ್ಯಾಸ್" ಅಂದರು. ಮಗಳು ನನಗೆ ಫೋನ್ ಮಾಡಿ ಅವತ್ತಿನ ಊಟ ಹೇಳತೊಡಗಿದರು. ಊಟದ ಪಟ್ಟಿ ನಾಳೆ ನೋಡೋಣ, ಈಗಲೇ ಆಸ್ಪತ್ರೆಗೆ ಹೊರಡಿ ಅಂದೆ. 20 ವಾರದ ಮೇಲೆ ಅಲ್ಲಿ ಬರುವ ನೋವು ಬಿಪಿ ಏರಿ ಲಿವರಿಗೆ ಪೆಟ್ಟಾಗಿರುವ ಸೂಚನೆಯೂ ಆಗಿರಬಹುದು. ತಲೆನೋವು, ಕಣ್ಣು ಮಂಜು ಸೇರಿದ್ದರಂತೂ ಒಂದು ನಿಮಿಷವೂ ಕಾಯುವಂತಿಲ್ಲ. ಮಲದಲ್ಲಿ ರಕ್ತ, ಜ್ವರದ ಜೊತೆ ಭೇದಿ, ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಮ್ಮಿ, ಮಗುವಿನ ಓಡಾಟ ಕಮ್ಮಿ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿಯುವುದು, ಅಂಗೈ ಅಂಗಾಲು ತಡೆಯಲಾಗದ ಕಡಿತ ಇವೂ ಹಾಗೇ. ಸೀಲಿಯಾಕ್ ಇದೆ ಅಂತ ಗೊತ್ತಿದ್ದವರಿಗೆ ಒಂದು ಕೆಟ್ಟ ಅಭ್ಯಾಸ ಬರುತ್ತದೆ, ಏನೇ ಆದರೂ ತಿಂದದ್ದನ್ನೇ ಹುಡುಕುವುದು. ನನಗೂ ಇದೆ.

ಬಿಪಿ, ಪ್ಲೇಟ್ಲೆಟ್, ಲಿವರ್ ಪರೀಕ್ಷೆ ಎಲ್ಲ ಸರಿ ಬಂತು. ಬೆಳಗಿನ ಜಾವ ಮನೆಗೆ ಕಳಿಸಿದರು. ಕೊನೆಗೂ ಅದು ಆಸಿಡ್ಡೇ. ಸುಮ್ನೆ ಖರ್ಚು ಅಂತ ಅಜ್ಜಿ ಗೊಣಗಿದರಂತೆ.

ಆ ವಾರವೇ ಕುಬಸ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಉಂಡಿ, ಮೊಸರನ್ನ. ಬಂದವರು ತಂದ ಹೋಳಿಗೆ, ಕರ್ಜಿಕಾಯಿ ಉಡಿ ತುಂಬಲಿಕ್ಕೆ ಆಯಿತು, ಬಾಯಿಗೆ ಹೋಗಲಿಲ್ಲ. ಬಸುರಿ ಬಾಯಿಗೆ ಸಿಹಿ ಹಾಕಬೇಕು ಅಂತ ಮುಂದೆ ಬಂದವರನ್ನು ತಡೆದದ್ದು ತಾಯಿಯೇ. "ಮೈದಾ ಗೋದಿದ, ತಂಗಿ. ಉಂಡಿ ಕೊಡ ಆಕಿಗೆ."

38 ವಾರ ತುಂಬಿದ ಮೇಲೆ ಸಹಜ ಹೆರಿಗೆ. ಹೆಣ್ಣು ಮಗು, 2.8 ಕೆ.ಜಿ. ಬಾಣಂತಿಗೆ ಅಳ್ವಿ ಪಾಯಸ, ಹಿಟ್ಟು ಹಾಕದ ಅಂಟಿನ ಉಂಡಿ ಎರಡೂ ಸರಿ. ಸಜ್ಜಕವನ್ನು ಗೋಧಿ ರವೆ ಬಿಟ್ಟು ಅಕ್ಕಿ ತರಿಯಲ್ಲಿ ಮಾಡಿದರು. ಎದೆಹಾಲಿಗೆ ಯಾವ ತಡೆಯೂ ಇಲ್ಲ. ಮಗುವಿಗೂ ಗೋಧಿ ಮುಟ್ಟಿಸಬಾರದಾ ಅಂತ ಕೇಳಿದರು. ಹಾಗೇನಿಲ್ಲ. ಆರು ತಿಂಗಳಾದ ಮೇಲೆ ಮೇಲೂಟದ ಜೊತೆ ಸ್ವಲ್ಪ ಸ್ವಲ್ಪ ಕೊಡಬಹುದು. ತಡ ಮಾಡಿ ಕೊಟ್ಟರೆ ಕಾಯಿಲೆ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ತಾಯಿ, ತಂದೆ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬರಬಹುದು, ಹಾಗಾಗಿ ಬೆಳವಣಿಗೆ ಮೇಲೆ ಕಣ್ಣಿಡಬೇಕು ಅಂದೆ.

ಪಕ್ಕದಲ್ಲಿ ಕೂಸನ್ನು ತೊಡೆ ಮೇಲೆ ಹಾಕಿಕೊಂಡಿದ್ದ ಅಜ್ಜಿಯಾದ ತಾಯಿ ತಲೆ ಎತ್ತಿದರು. "ತಾಯಿ ಅಂದ್ರ ನಾನೂ ಬಂದ್ನೇನ್ರಿ? ನನಗೂ ರಕ್ತ ಕಮ್ಮಿ ಅಂತ ಹೇಳಿ ಹೇಳಿ ಹತ್ತು ವರ್ಷ ಆತು." ನೀವೂ ಬಂದಿರಿ, ಟಿಟಿಜಿ ಮಾಡಿಸೋಣ ಅಂದೆ. ಅವತ್ತಿನಿಂದಲೇ ಚಪಾತಿ ಬಿಡಲು ತಯಾರಾದರು. ಪರೀಕ್ಷೆ ಆಗುವವರೆಗೆ ಬಿಡಬ್ಯಾಡ್ರಿ, ಗೋಧಿ ತಿನ್ನುತ್ತಿದ್ದರೆ ಮಾತ್ರ ಅದರಲ್ಲಿ ಸರಿಯಾಗಿ ಗೊತ್ತಾಗುತ್ತದೆ ಅಂತ ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಇಷ್ಟು ತಿಂಗಳು ಬೇಡ ಬೇಡ ಅಂದವಳು ಈಗ ತಿನ್ನಿ ಅಂತಿದ್ದೇನಲ್ಲಾ ಅಂತ ಅವರಿಗೆ ನಗು. ರಕ್ತ ಕೊಡಲು ಸೋಮವಾರ ಬರುತ್ತಾರೆ.